ಬಸವನೆಂಬ ಹೆಸರು, ಅಲ್ಲಮನೆಂಬ ಹೆಸರು

ವೃಷಭದ ತದ್ಭವವೇ ಬಸವ. ಬಸಪ್ಪ, ಬಸಮ್ಮ, ಬಸವರಾಜರಿಲ್ಲದ ಊರು ಉತ್ತರ ಕರ್ನಾಟಕದಲ್ಲಿ ವಿರಳ. ತೊಟ್ಟಿಲ ಕೂಸಿಗೆ ಶರಣರ ಹೆಸರಿಡುವ ಭಕ್ತಿಯೇ ಇದಕ್ಕೆ ಕಾರಣ. ಆದರೆ ಒಂದೇ ಹೆಸರು ಹಲವರದಾದಾಗ ಚರಿತ್ರಕಾರನಿಗೆ ತೊಡಕು. ಮಾರಯ್ಯನೆಂದರೆ ಸಾಲದು, ಅಕ್ಕಿ ಆಯ್ದವನೋ, ಸೌದೆಯ ಮೋಳಿಗೆ ಹೊತ್ತವನೋ ಎಂದು ಕಾಯಕದಿಂದಲೇ ಗುರುತಿಸಬೇಕು. ಈ ಮೋಳಿಗೆಯ ಮಾರಯ್ಯನ ಸತಿಯೂ ಮಹಾದೇವಿ, ಉಡುತಡಿಯ ಅಕ್ಕನೂ ಮಹಾದೇವಿ. ಕ್ರಿ.ಶ. 1260ರ ಅರ್ಜುನವಾಡ ಶಾಸನವು ಬಸವರಾಜನನ್ನು ಬಾಗವಾಡಿಯ ಮಾದಿರಾಜನ ಮಗನೆಂದು ಹೇಳಿರದಿದ್ದರೆ, ಆತ ಯಾವ ಬಸವನೆಂದು ನಿರ್ಣಯಿಸುವುದು ದುಸ್ತರವಾಗುತ್ತಿತ್ತು. ಅಲ್ಲಮನಿಗೆ ಈ ತೊಡಕಿಲ್ಲ. ಹೆಸರೇ ಅಪೂರ್ವ; ಗುರುತಿಗೆ ತಂದೆಯೂ ಬೇಡ, ಊರೂ ಬೇಡ. ಆದರೂ ಭಕ್ತರು ಮಕ್ಕಳನ್ನು ಅಲ್ಲಮನೆಂದು ಕರೆದುದು ಕಡಮೆ. ಪ್ರಭುವೆಂಬ ಗೌರವಪದವನ್ನೇ ಆಯ್ದುಕೊಂಡು ಪ್ರಭುದೇವ, ಪ್ರಭುಸ್ವಾಮಿ ಎಂದರು.