ನಡುಗುವ ಯಂತ್ರದ ನಾಡಿ

ಹಂಪನಕಟ್ಟೆಯ ದಕ್ಷಿಣಕ್ಕೆ, ಜೆಪ್ಪುವಿನ ನೇತ್ರಾವತಿ ದಡದಲ್ಲಿ, ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಯಂತ್ರೋದ್ಯಮ ನಮ್ಮೂರಿಗೆ ಬಂದ ಆ ಕಾಲದಲ್ಲಿ, ತಿರುಗುವ ದಂಡವೇಕೆ ನಡುಗುತ್ತದೆಂಬುದು ಯೂರೋಪಿನ ಪಂಡಿತರಿಗೂ ಸ್ಪಷ್ಟವಿರಲಿಲ್ಲ. ಒಂದು ಮಿತಿಯಾಚೆಗಿನ ವೇಗ ಅಸಾಧ್ಯವೆಂದು 1869ರಲ್ಲಿ ರ‍್ಯಾಂಕಿನ್ ಬರೆದರು. ಬಳುಕುವ ದಂಡವನ್ನಿಟ್ಟು ಲಾವಲ್ ಆ ಶತಮಾನದಲ್ಲೇ ಅದನ್ನು ದಾಟಿದರು. ಕಾರಣವನ್ನು ಜೆಫ್‌ಕಾಟ್ ವಿವರಿಸಿದ್ದು 1919ರಲ್ಲಿ. ಕೈ ಮುಂದೆ, ಶಾಸ್ತ್ರ ಹಿಂದೆ!

ಬೇರಿಂಗಿಗೆ ಕೋಲಿಟ್ಟು ಕಿವಿಗೊಡುವುದು ಯಂತ್ರಶಾಲೆಗಳ ಹಳೆಯ ಪದ್ಧತಿ. ಅದನ್ನು ನಾನು ಹೀಗಳೆಯಲಾರೆ. ವೈದ್ಯರ ಸ್ಟೆತಸ್ಕೋಪು ಮತ್ತೇನು? ಆದರೆ ಕಿವಿಗೆ ಸದ್ದು ಸಿಕ್ಕೀತು, ಲೆಕ್ಕ ಸಿಗದು. ಕಂಪನವು ಸುತ್ತಿಗೊಮ್ಮೆಯಾದರೆ ಮೊದಲು ಶಂಕಿಸಬೇಕಾದದ್ದು ತೂಕದ ಅಸಮತೋಲನ. ಸುತ್ತಿಗೆರಡು ಬಾರಿಯಾದರೆ ದಂಡಗಳ ಓರೆ ಜೋಡಣೆ. ಓರೆಯಾದ ದಂಡಕ್ಕೆ ಎಷ್ಟು ತೂಕ ಕಟ್ಟಿದರೂ ಬೇರಿಂಗು ಸವೆಯುತ್ತಲೇ ಇರುತ್ತದೆ, ಮಕ್ಕಳೇ.