ಹೊಸ ರಿಂಗು, ಹಳೆಯ ಹೊಗೆ

ಬೋರ್ ಮಾಡಿಸಿ, ಹೊಸ ಪಿಸ್ಟನ್ ರಿಂಗ್ ಕೂರಿಸಿ, ಹೆಡ್ಡನ್ನೂ ರಿಪೇರಿ ಮಾಡಿಸಿ ಏರಿಸಿದ ಹಳೆಯ ಸ್ಪೋರ್ಟ್ಸ್ ಕಾರು ನೀಲಿ ಹೊಗೆ ಕಾರಿದರೆ ಆರೋಪ ಮೊದಲು ಬೀಳುವುದು ರಿಂಗುಗಳ ಮೇಲೆ. ನೀಲಿಯಾದರೆ ಆಯಿಲ್, ಬಿಳಿಯಾದರೆ ನೀರು, ಕಪ್ಪಾದರೆ ಹೆಚ್ಚಾದ ಪೆಟ್ರೋಲ್ ಎಂಬ ಬಣ್ಣದ ಪಾಠ ಯಾವ ಗ್ಯಾರೇಜಿಗೂ ಹೊಸದಲ್ಲ. ಉರಿಯುತ್ತಿರುವುದು ಏನೆಂದು ಅದು ಹೇಳುತ್ತದೆ; ಅದು ಯಾವ ದಾರಿಯಲ್ಲಿ ಒಳಗೆ ಬಂತೆಂದು ಹೇಳುವುದಿಲ್ಲ. ದಾರಿ ತಿಳಿಯಬೇಕಾದರೆ ಹೊಗೆ ಯಾವ ಹೊತ್ತಿನಲ್ಲಿ ಬರುತ್ತದೆಂದು ನೋಡಬೇಕು, ಜೊತೆಗೆ ಆ ಎಂಜಿನ್ ಯಾವ ಕಾಲದ್ದೆಂದೂ ತಿಳಿದಿರಬೇಕು. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ ತಯಾರಾದ ಎಂಜಿಬಿ ಕಾರಿನ 1798 ಸಿಸಿ ಎಂಜಿನ್ ಇದಕ್ಕೆ ಒಳ್ಳೆಯ ಸಾಕ್ಷಿ.

ಹೊಗೆಯನ್ನು ದೋಷವೆಂದು ಎಣಿಸುವುದೇ ತಡವಾಗಿ ಬಂದ ರೂಢಿ. ಡೈಮ್ಲರ್ ಕಂಪನಿ 1908ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ನೈಟ್‌ನ ಸ್ಲೀವ್ ವಾಲ್ವ್ ಎಂಜಿನ್ನನ್ನು ಒಪ್ಪಿಕೊಂಡದ್ದು ಅದರ ಸದ್ದಿಲ್ಲದ ಓಟಕ್ಕಾಗಿ. ಸಿಲಿಂಡರಿನೊಳಗೆ ಜಾರುವ ತೋಳುಗಳಿಗೆ ಧಾರಾಳ ಆಯಿಲ್ ಬೇಕಿತ್ತು. ಹಿಂದೆ ಎಳೆದುಕೊಂಡು ಹೋಗುವ ನೀಲಿ ಹೊಗೆ ಆ ಮೌನಕ್ಕೆ ತೆರುವ ಬೆಲೆಯಾಗಿತ್ತು, ಅರಮನೆಯ ಗ್ರಾಹಕರೂ ಅದನ್ನು ತೆತ್ತರು. 1948ರಲ್ಲಿ ಬಂದ ಜಾಗ್ವಾರ್‌ನ ಪ್ರಸಿದ್ಧ ಎಕ್ಸ್‌ಕೆ ಎಂಜಿನ್ನಿನ ವಾಲ್ವ್ ಗೈಡುಗಳಿಗೆ ಮೊದಮೊದಲು ಆಯಿಲ್ ಸೀಲೇ ಇರಲಿಲ್ಲ. ಗೈಡಿನಲ್ಲಿ ಜಿನುಗುವ ಆಯಿಲ್ಲೇ ವಾಲ್ವಿನ ಕಾಂಡವನ್ನು ಸವೆಯದಂತೆ ಕಾಯುತ್ತಿತ್ತು. ಕ್ರ್ಯಾಂಕ್‌ಕೇಸಿನ ಹಬೆಯಂತೂ ಒಂದು ಕೊಳವೆಯ ಮೂಲಕ ನೇರ ರಸ್ತೆಗೆ ಬೀಳುತ್ತಿತ್ತು. ಎಂಜಿನ್ ಒಂದಿಷ್ಟು ಆಯಿಲ್ ತಿನ್ನುವುದು ವಿನ್ಯಾಸದ ಲೆಕ್ಕದಲ್ಲೇ ಸೇರಿತ್ತು.

ಈ ಲೆಕ್ಕ ತಪ್ಪಿದ್ದು ಲಾಸ್ ಏಂಜಲೀಸ್‌ನಲ್ಲಿ. ಕಾರಿನಿಂದ ಹೊರಬೀಳುವ ಹೈಡ್ರೋಕಾರ್ಬನ್‌ಗಳು ಬಿಸಿಲಿನಲ್ಲಿ ಬದಲಾಗಿ ಆ ನಗರದ ಕಣ್ಣುರಿಸುವ ಮಬ್ಬು ಹುಟ್ಟುತ್ತದೆಂದು ರಸಾಯನಶಾಸ್ತ್ರಜ್ಞ ಹಾಗೆನ್-ಸ್ಮಿಟ್ 1950ರ ದಶಕದಲ್ಲಿ ತೋರಿಸಿಕೊಟ್ಟರು. ಮುಂದಿನ ದಶಕದ ಮೊದಲ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾ ಹೊಸ ಕಾರುಗಳ ಕ್ರ್ಯಾಂಕ್‌ಕೇಸ್ ಹಬೆ ಬೀದಿಗೆ ಬೀಳಬಾರದೆಂದು ಕಟ್ಟುಮಾಡಿತು. ಎಂಜಿಬಿಗೆ ಅಮೆರಿಕವೇ ದೊಡ್ಡ ಮಾರುಕಟ್ಟೆ. 1964ರಲ್ಲಿ ಅದರ ಇನ್‌ಲೆಟ್ ಮ್ಯಾನಿಫೋಲ್ಡ್ ಮೇಲೆ ರಬ್ಬರ್ ಡಯಾಫ್ರಾಮ್ ಇರುವ, ಸ್ಮಿತ್ಸ್ ಕಂಪನಿಯ ಗುಂಡನೆಯ ವಾಲ್ವ್ ಬಂದು ಕೂತಿತು. ರಾಕರ್ ಕವರಿನ ಆಯಿಲ್ ಮುಚ್ಚಳದ ಫಿಲ್ಟರಿನಿಂದ ಹೊಸ ಗಾಳಿ ಒಳಗೆ ಬರಬೇಕು, ಕ್ರ್ಯಾಂಕ್‌ಕೇಸಿನ ಹಬೆ ಈ ವಾಲ್ವಿನ ಮೂಲಕ ಸಿಲಿಂಡರಿಗೆ ಹೋಗಿ ಉರಿಯಬೇಕು. ಆಯಿಲ್ ಒಳನುಗ್ಗಲು ಹೀಗೆ ಕಾನೂನೇ ಒಂದು ಹೊಸ ಬಾಗಿಲು ತೆರೆದಂತಾಯಿತು. ಮುಚ್ಚಳದ ಫಿಲ್ಟರ್ ಕಟ್ಟಿಕೊಂಡರೆ, ಇಲ್ಲವೇ ವಾಲ್ವ್ ತೆರೆದೇ ನಿಂತುಬಿಟ್ಟರೆ, ಮ್ಯಾನಿಫೋಲ್ಡಿನ ಸೆಳೆತ ಆಯಿಲ್ಲಿನ ತುಂತುರನ್ನೂ ಎಳೆದುಕೊಳ್ಳುತ್ತದೆ. ಎಂಜಿನ್ ಕಟ್ಟುವ ಉತ್ಸಾಹದಲ್ಲಿ ಹಳೆಯ ಮುಚ್ಚಳ ಎಸೆದು, ಗಾಳಿಗೆ ತೂತೇ ಇಲ್ಲದ ಹೊಳೆಯುವ ಕ್ರೋಮ್ ಮುಚ್ಚಳ ಹಾಕುವವರು ಸಾವಿರಾರು ರೂಪಾಯಿಯ ರಿಂಗುಗಳನ್ನು ಸುಮ್ಮನೆ ಅನುಮಾನಿಸಬೇಕಾಗುತ್ತದೆ. ಚೆಂದದ ಖಯಾಲಿಗೆ ಎಂಜಿನ್ ಉಸಿರುಕಟ್ಟಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಇನ್ನು ಹೊತ್ತಿನ ವಿಚಾರ. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದರೆ ಮ್ಯಾನಿಫೋಲ್ಡಿನ ಸೆಳೆತ ಪಾದರಸದ 20 ಇಂಚನ್ನೂ ಮೀರುತ್ತದೆ. ಆಗ ಸಡಿಲವಾದ ಇನ್‌ಲೆಟ್ ಗೈಡಿನಿಂದ ಆಯಿಲ್ ಕೆಳಗಿಳಿಯುತ್ತದೆ. ತಿರುಗಿ ಕಾಲು ಒತ್ತಿದೊಡನೆ ಹಿಂದೆ ನೀಲಿ ಮೋಡ ಏಳುತ್ತದೆ. ರಿಂಗು ಕೆಟ್ಟಿದ್ದರೆ ಏರಿನಲ್ಲಿ, ಭಾರ ಬಿದ್ದಾಗ, ಹೊಗೆ ಬಿಡದೆ ಬರುತ್ತದೆ. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆದಾಗ ಮಾತ್ರ ಒಂದು ಪಫ್ ಬಿಟ್ಟು ಸುಮ್ಮನಾದರೆ ಗೈಡನ್ನೇ ನೋಡಬೇಕು. ಈ ಎಂಜಿನ್ನಿನಲ್ಲಿ ವಾಲ್ವ್ ಕಾಂಡದ ಮೇಲೆ, ಕಾಟರ್‌ಗಳ ಕೆಳಗೆ, ಪುಟ್ಟ ರಬ್ಬರ್ ಉಂಗುರವೊಂದಿದೆ. ಸ್ಪ್ರಿಂಗ್ ಒತ್ತಿ ಹಿಡಿದ ಮೇಲೆ, ಆಯಿಲ್ಲಿನಲ್ಲಿ ನೆನೆಸಿ ಅದನ್ನು ಹಾಕಬೇಕು. ಅವಸರದಲ್ಲಿ ಹಾಕಿದರೆ ಅಂಚು ತಾಗಿ ಹರಿಯುತ್ತದೆ, ಕಟ್ಟಿದವನಿಗೆ ಗೊತ್ತೂ ಆಗುವುದಿಲ್ಲ. ಬಿಳಿ ಹೊಗೆಯೂ ಇದೇ ಸೆಳೆತದ ಆಟವಾಗಿರಬಹುದು. ಬ್ರೇಕಿಗೆ ಸರ್ವೋ ಇರುವ ಕಾರಿನಲ್ಲಿ ಅದರ ಒಳಗಿನ ಸೀಲ್ ಸೋತರೆ ಬ್ರೇಕ್ ಆಯಿಲ್ ಮ್ಯಾನಿಫೋಲ್ಡಿಗೆ ಸೇರಿ ದಟ್ಟ ಬಿಳಿ ಹೊಗೆಯಾಗುತ್ತದೆ, ಏನೂ ತಪ್ಪು ಮಾಡದ ಹೆಡ್ ಗ್ಯಾಸ್ಕೆಟ್ ಬಿಚ್ಚಿಸಿಕೊಳ್ಳುತ್ತದೆ.

ಹೊಸದಾಗಿ ಕಟ್ಟಿದ ಎಂಜಿನ್ನಿನಲ್ಲಿ ರಿಂಗುಗಳೇ ಹೆಚ್ಚು ಸಲ ತಪ್ಪಿತಸ್ಥರಲ್ಲವೇ ಎಂದು ಯಾರಾದರೂ ಕೇಳಬಹುದು. ಇರಬಹುದು, ಅಲ್ಲಿಯೂ ಇತಿಹಾಸ ಅಡ್ಡ ಬರುತ್ತದೆ. ಆಗಿನ ಕೈಪಿಡಿಗಳು ಮೊದಲ 500 ಮೈಲಿ ನಿಧಾನ ಓಡಿಸಿ ಎಂದವು, ಬ್ರಿಟನ್ನಿನ ಹೊಸ ಕಾರುಗಳ ಹಿಂಗಾಜಿನಲ್ಲಿ ರನ್ನಿಂಗ್-ಇನ್ ಎಂಬ ಚೀಟಿ ಅಂಟಿರುತ್ತಿತ್ತು. ಆ ಮಾತನ್ನೇ ಅತಿಯಾಗಿ ನಂಬಿ ಇಂದು ಭಾರವೇ ಹಾಕದೆ ಓಡಿಸಿದರೆ, ಐಡಲ್‌ನಲ್ಲೇ ಗಂಟೆಗಟ್ಟಲೆ ಬಿಟ್ಟರೆ, ಹೋನಿಂಗ್‌ನ ಅಡ್ಡಗೆರೆಗಳ ಮೇಲೆ ಆಯಿಲ್ ಸುಟ್ಟು ನುಣುಪು ಪದರವಾಗುತ್ತದೆ, ರಿಂಗು ಕೂರುವುದೇ ಇಲ್ಲ. ಇನ್ನೊಂದು ಆಕ್ಷೇಪ, ಕಂಪ್ರೆಷನ್ ಗೇಜ್, ಲೀಕ್‌ಡೌನ್ ಟೆಸ್ಟರ್ ಇರುವಾಗ ಹೊಗೆ ನೋಡುವುದೇಕೆ ಎಂಬುದು. ಅವು ಅಳೆಯುವುದು ವಾಲ್ವ್ ಮುಚ್ಚಿದ ಸಿಲಿಂಡರ್ ಗಾಳಿಯನ್ನು ಎಷ್ಟು ಹಿಡಿದಿಡುತ್ತದೆ ಎಂಬುದನ್ನು. ವಾಲ್ವಿನ ಆಚೆ ಇರುವ ಗೈಡಿನ ಸಡಿಲ ಅದರಲ್ಲಿ ಕಾಣದು. ಕೆಳಗಿನ ಆಯಿಲ್ ರಿಂಗು ಸೋತಿದ್ದರೂ ಮೇಲಿನ ರಿಂಗುಗಳು ಗೇಜಿನ ಮುಳ್ಳನ್ನು ನೆಟ್ಟಗೆ ನಿಲ್ಲಿಸಿರುತ್ತವೆ. ಗೇಜ್ ಬೇಡವೆಂದಲ್ಲ, ಅದು ನೋಡದ ಜಾಗವನ್ನು ಹೊಗೆ ತೋರಿಸುತ್ತದೆ.

ನಮ್ಮ ಮೆಕ್ಯಾನಿಕ್‌ಗಳಿಗೆ ಈ ಎಂಜಿನ್ ತೀರಾ ಪರಕೀಯವೇನಲ್ಲ. ಅಂಬಾಸಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಎಂಜಿಬಿಯ ಎಂಜಿನ್ನಿನಂತೆ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬದ್ದು. 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿದ್ದುದೂ ಅದೇ ಅಳತೆ. ಎಂಜಿನ್ ಬೋರಿಗೆ ಬಂದಿದೆ ಎಂದು ಹೊಗೆ ನೋಡಿ ಹೇಳುತ್ತಿದ್ದವರ ಅನುಭವಕ್ಕೆ ಬೆಲೆಯಿದೆ. ಆದರೆ ಎಂಜಿಬಿಯ ಮುಂದೆ ನಿಂತಾಗ ಅವರು ಒಂದು ಕೆಲಸ ಮೊದಲು ಮಾಡಬೇಕು: ಸ್ಮಿತ್ಸ್ ವಾಲ್ವಿನ ಪೈಪ್ ಕಳಚಿ, ಮ್ಯಾನಿಫೋಲ್ಡ್ ಕಡೆ ಬಿಗಿಯಾಗಿ ಮುಚ್ಚಿ, ಪರೀಕ್ಷೆಗೆ ಮಾತ್ರ ಒಂದಷ್ಟು ದೂರ ಓಡಿಸಿ ನೋಡಬೇಕು. ಹೊಗೆ ಇಳಿದರೆ ಸ್ಪ್ಯಾನರ್ ಕೆಳಗಿಟ್ಟುಬಿಡಿ. 1960ರ ದಶಕ ಮುಗಿಯುವ ಹೊತ್ತಿಗೆ ತಯಾರಕರೇ ಆ ವಾಲ್ವನ್ನು ಕೈಬಿಟ್ಟು ಹಬೆಯ ಪೈಪನ್ನು ಕಾರ್ಬ್ಯುರೇಟರಿಗೆ ಜೋಡಿಸಿದರು.