ಬೊಜ್ಜು ಮತ್ತು ನಮ್ಮ ಆರೋಗ್ಯ

ಮೈಕೈ ತುಂಬಿಕೊಂಡವರನ್ನು ಕಂಡರೆ 'ಒಳ್ಳೆಯ ಆರೋಗ್ಯವಾಗಿದ್ದಾರೆ' ಎನ್ನುವುದು ನಮ್ಮಲ್ಲಿ ಹಿಂದಿನಿಂದಲೂ ಬಂದ ಮಾತು. ಆದರೆ ಅಗತ್ಯಕ್ಕಿಂತ ಹೆಚ್ಚು ಕೊಬ್ಬು ದೇಹದಲ್ಲಿ ಶೇಖರಣೆಯಾದರೆ ಅದು ಹಲವು ರೋಗಗಳಿಗೆ ದಾರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 24 ಹಾಗೂ ಪುರುಷರಲ್ಲಿ ಸುಮಾರು ಶೇ. 23 ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು ಇದೆ.

ತಿಳಿಯುವುದು ಹೇಗೆ?

ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. 160 ಸೆಂ.ಮೀ. ಎತ್ತರ, 64 ಕಿಲೋ ತೂಕ ಇರುವವರ ಬಿಎಂಐ 25. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯವಾಗಿ 30 ದಾಟಿದರೆ ಬೊಜ್ಜು ಎನ್ನುತ್ತದೆ. ಆದರೆ ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ನಮ್ಮ ವೈದ್ಯರು 23ನ್ನು ಅಧಿಕ ತೂಕದ, 25ನ್ನು ಬೊಜ್ಜಿನ ಗಡಿಯಾಗಿ ಇಟ್ಟುಕೊಂಡಿದ್ದಾರೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬೆಳೆದಿದ್ದರೂ ಅಪಾಯವೇ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂ.ಮೀ. ಮೀರಬಾರದು.

ಅಪಾಯಗಳೇನು?

* ಹೊಟ್ಟೆಯೊಳಗಿನ ಕೊಬ್ಬು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡಿ ಸಕ್ಕರೆ ಕಾಯಿಲೆ ತರುತ್ತದೆ.
* ರಕ್ತದೊತ್ತಡ ಏರಿ ಹೃದಯಾಘಾತ, ಪಾರ್ಶ್ವವಾಯುವಿನ ಸಂಭವ ಹೆಚ್ಚುತ್ತದೆ.
* ಮದ್ಯ ಮುಟ್ಟದವರ ಯಕೃತ್ತಿನಲ್ಲೂ ಕೊಬ್ಬು ತುಂಬುತ್ತದೆ.
* ಮೊಣಕಾಲ ಗಂಟು ಸವೆಯುತ್ತದೆ.
* ಜೋರು ಗೊರಕೆ, ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವುದು ಕಾಣಿಸಬಹುದು.
* ಋತುಬಂಧದ ನಂತರದ ಸ್ತನ ಕ್ಯಾನ್ಸರ್, ಗರ್ಭಕೋಶ ಹಾಗೂ ದೊಡ್ಡ ಕರುಳಿನ ಕ್ಯಾನ್ಸರ್ ಸೇರಿ 13 ಬಗೆಯ ಕ್ಯಾನ್ಸರ್‌ಗಳಿಗೂ ಬೊಜ್ಜಿಗೂ ಸಂಬಂಧವಿದೆ ಎಂದು 2016ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಿಳಿಸಿದೆ.

ನಾವೇನು ಮಾಡಬಹುದು?

ಉಪವಾಸ ಬಿದ್ದು ಒಮ್ಮೆಲೇ ಸಣಕಲಾಗಬೇಕಿಲ್ಲ. ಇರುವ ತೂಕದಲ್ಲಿ ಶೇ. 5ರಿಂದ 10ರಷ್ಟು ಇಳಿದರೂ ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಗೆ ಬರಲು ಸಹಾಯವಾಗುತ್ತದೆ. ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿ ತರಕಾರಿ, ಕಾಳು ಹೆಚ್ಚಿಸೋಣ. ಮೀನನ್ನು ಎಣ್ಣೆಯಲ್ಲಿ ಹುರಿಯುವ ಬದಲು ಸಾರು ಮಾಡೋಣ. ಸಂಜೆಯ ಚಹಾದೊಂದಿಗೆ ಗೋಳಿಬಜೆ, ಬನ್ಸ್ ದಿನನಿತ್ಯದ ಅಭ್ಯಾಸವಾಗದಿರಲಿ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯೋಣ. ಥೈರಾಯ್ಡ್ ತೊಂದರೆ, ಕೆಲವು ಔಷಧಿಗಳು, ವಂಶವಾಹಿ ಗುಣವೂ ತೂಕ ಹೆಚ್ಚಿಸಬಹುದು. ಆದ್ದರಿಂದ ವೈದ್ಯರ ಸಲಹೆ ಅಗತ್ಯ.

ದಪ್ಪಗಿರುವವರನ್ನು, ಅದರಲ್ಲೂ ಮಕ್ಕಳನ್ನು, ಗೇಲಿ ಮಾಡುವುದನ್ನು ನಾವು ಮೊದಲು ನಿಲ್ಲಿಸಬೇಕು. ನಾಚಿಕೆಯಿಂದ ಮನೆಯೊಳಗೆ ಕುಳಿತವರು ನಡೆಯಲೂ ಹೊರಡುವುದಿಲ್ಲ, ವೈದ್ಯರ ಬಳಿಗೂ ಹೋಗುವುದಿಲ್ಲ. 'ಬನ್ನಿ, ಒಟ್ಟಿಗೆ ನಡೆಯೋಣ' ಎಂದು ಕರೆದರೆ ಅದೇ ದೊಡ್ಡ ಸಹಾಯ.